ಹನ್ನೊಂದು ಗೊಂಬೆಗಳ ನಕಲು

ಬಿಟಿಎಂ ಲೇಔಟಿನ ಬಾಡಿಗೆ ಮನೆಯಲ್ಲಿ ಯಲ್ಲಪ್ಪ ಎಂಟು ವರ್ಷಗಳಿಂದ ಹನ್ನೊಂದು ಗೊಂಬೆಗಳನ್ನು ಷೋಕೇಸಿನಲ್ಲಿ ಕೂಡಿಟ್ಟಿದ್ದ. ಎಲ್ಲವೂ ವಿಡಿಯೋ ಗೇಮಿನ ವೀರರು. ಒಂದೊಂದರ ಪಾದದಡಿಯಲ್ಲೂ ಒಂದು ಚಿಪ್. ಗೇಮ್ ಮಷೀನಿಗೆ ತಾಗಿಸಿದರೆ ಆಟದೊಳಗೆ ಕುದುರೆಯೋ ಕತ್ತಿಯೋ ಸಿಗುತ್ತಿತ್ತು. ಚಿಪ್ ಕೆಟ್ಟರೆ ಗತಿಯೇನೆಂದು ಹೆದರಿ, ಭಾನುವಾರ ಬೆಳಿಗ್ಗೆ ಕೂತು ಅಷ್ಟನ್ನೂ ಮೊಬೈಲಿನಲ್ಲಿ ಓದಿಸಿ, ನಾಣ್ಯದಗಲದ ಹನ್ನೊಂದು ಖಾಲಿ ಚಿಪ್ ಬಿಲ್ಲೆಗಳಿಗೆ, ಅಂದರೆ ಟ್ಯಾಗುಗಳಿಗೆ, ನಕಲು ಮಾಡಿದ.

“ಇನ್ನ ಗೊಂಬಿ ಕಳದ್ರೂ ಚಿಂತಿಲ್ಲ,” ಎಂದು ಹೆಂಡತಿ ಅನ್ನಪೂರ್ಣಳಿಗೆ ಹೇಳಿ ಕ್ಷೌರಕ್ಕೆ ಹೋದ.

ವಾಪಸು ಬಂದಾಗ ಷೋಕೇಸು ಅವನ ಕೆನ್ನೆಯಂತೆಯೇ ನುಣ್ಣಗಿತ್ತು.

“ಕೆಳಗ ಓನರ್ ಸೊಣ್ಣಮ್ಮಾರ ಮೊಮ್ಮಗಂದು ಬರ್ತ್‌ಡೇ ಐತಲ್ರೀ. ಬಂದ ಹುಡುಗ್ರಿಗೆ ಕೊಡಾಕ ಏನೂ ತಂದಿಲ್ಲ ಅಂದ್ರು. ಕೊಟ್ಟೆ. ಕಳದ್ರೂ ಚಿಂತಿಲ್ಲ ಅಂದ್ರಲ್ಲ ನೀವ?”

ಯಲ್ಲಪ್ಪ ಕೆಳಗೆ ಓಡಿದ. ಒಬ್ಬ ವೀರ ಸೊಂಟದವರೆಗೆ ಕೇಸರಿಬಾತಿನಲ್ಲಿ ಹೂತುಹೋಗಿದ್ದ. ಇನ್ನೊಬ್ಬನ ಕತ್ತಿಯನ್ನು ಪುಟ್ಟ ಹುಡುಗಿಯೊಬ್ಬಳು ಐಸ್‌ಕ್ಯಾಂಡಿಯಂತೆ ಚೀಪುತ್ತಿದ್ದಳು.

“ಅಮ್ಮಾರ, ಆ ಗೊಂಬಿ...”

“ಏನ್ ಯಲ್ಲಪ್ಪ, ಮಕ್ಕಳ ಕೈಗೆ ಕೊಟ್ಟಿದ್ದನ್ನ ಯಾರಾದ್ರೂ ಕಿತ್ಕೊಳ್ತಾರಾ? ಕೂತ್ಕೊ, ಕೇಕ್ ತಿನ್ನು,” ಎಂದರು ಸೊಣ್ಣಮ್ಮ.

ಯಲ್ಲಪ್ಪ ಕೇಕ್ ತಿನ್ನುತ್ತ ಯೋಚಿಸಿದ. ಮೇಲೆ ಹೋಗಿ ಟ್ಯಾಗುಗಳನ್ನೂ ಗೇಮ್ ಮಷೀನನ್ನೂ ತಂದು ಅವರ ಟಿವಿಗೆ ಜೋಡಿಸಿದ.

“ನೋಡ್ರಿ, ಗೊಂಬ್ಯಾಗ ಏನೂ ಇಲ್ಲ. ಶಕ್ತಿ ಎಲ್ಲಾ ಈ ಬಿಲ್ಲ್ಯಾಗ ಐತಿ.”

ಒಂದು ಟ್ಯಾಗು ತಾಗಿಸಿದ. ಟಿವಿಯಲ್ಲಿ ಬಿಳಿ ಕುದುರೆ ಕೆನೆಯಿತು.

“ಅಂಕಲ್, ನಂಗೆ! ಅಂಕಲ್, ನಂಗೆ!”

ಗೊಂಬೆ ಕೊಟ್ಟವರಿಗೆ ಮಾತ್ರ ಬಿಲ್ಲೆ ಎಂದ. ಐದೇ ನಿಮಿಷದಲ್ಲಿ ಹನ್ನೊಂದೂ ಕೈಸೇರಿದವು. ಟ್ಯಾಗುಗಳು ಹೋದರೇನು, ನಕಲು ಮೊಬೈಲಿನಲ್ಲಿದೆ. ಮಕ್ಕಳು ಆಡಿಕೊಳ್ಳಲೆಂದು ಮಷೀನನ್ನು ಅಲ್ಲೇ ಬಿಟ್ಟು, ಮೇಲೆ ಬಂದು ವೀರರನ್ನು ಒಬ್ಬೊಬ್ಬರನ್ನಾಗಿ ಒರೆಸಿ ಷೋಕೇಸಿನಲ್ಲಿ ನಿಲ್ಲಿಸಿದ. ತನ್ನ ಜಾಣತನಕ್ಕೆ ತಾನೇ ಎರಡು ಸಲ ನಕ್ಕ.

ಸಂಜೆ ಮಷೀನು ತರಲು ಕೆಳಗಿಳಿದರೆ, ಬಾಗಿಲಲ್ಲೇ ಸೊಣ್ಣಮ್ಮ ಅವನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣು ತುಂಬಿತ್ತು.

“ಮಗೂಗೆ ಸ್ವಂತ ಮಾವಂದ್ರೂ ಇಂಥ ಗಿಫ್ಟ್ ತಂದಿಲ್ಲ ಕಣಪ್ಪ. ಅಷ್ಟು ದೊಡ್ಡ ಮಷೀನು! ನಮ್ ರಸ್ತೆ ವಾಟ್ಸಾಪ್ ಗ್ರೂಪಿಗೆ ನಿನ್ ಫೋಟೋ ಹಾಕ್ಸಿದೀನಿ. ಎಲ್ರೂ ಕೈ ಮುಗೀತಾವ್ರೆ.”

ಅವರ ಹಿಂದೆ ಮೊಮ್ಮಗ ಮಷೀನನ್ನು ಅಪ್ಪಿಕೊಂಡು ಕೂತಿದ್ದ.

“ಏನೋ ಕೇಳೋಕೆ ಬಂದಂಗಿತ್ತು?” ಎಂದರು ಸೊಣ್ಣಮ್ಮ.

“ಏನಿಲ್ರಿ ಅಮ್ಮಾರ,” ಎಂದ ಯಲ್ಲಪ್ಪ. “ಇದರ ರಿಮೋಟಿನ ಚಾರ್ಜರ್ ಮ್ಯಾಲೇ ಉಳದೈತಿ. ತಂದ್ ಕೊಡ್ತೀನಿ.”