ರೋಮಿನ ದೇವಿಯ ಬೈತಲೆ

ಬಿಳಿ ಅಮೃತಶಿಲೆಯ ರೋಮನ್ ದೇವಿಯ ಬೈತಲೆಯಲ್ಲಿ ಕಡಲೆಕಾಳಿನಷ್ಟು ಕೆಂಪು ಕಂಡದ್ದೇ ಸೋಮಲಿಂಗಪ್ಪನ ಜೀವ ಬಾಯಿಗೆ ಬಂತು.

ಪರದೇಶದ ಆ ಮ್ಯೂಸಿಯಂನಲ್ಲಿ ಗಾರ್ಡ್ ಆಗಿ ಸೇರಿ ಅಂದಿಗೆ ಮೂರು ತಿಂಗಳು. ಸಂಜೆ ಐದಕ್ಕೆ ಸೂಪರ್‌ವೈಸರ್ ಸಹಿ ಹಾಕಿದರೆ ಕೆಲಸ ಖಾಯಂ. ಇಲ್ಲದಿದ್ದರೆ ಮತ್ತೆ ಕ್ಯಾರಿ ಪಟ್ಟಣದ ಗ್ರಾಸರಿ ಅಂಗಡಿಯಲ್ಲಿ ಅಕ್ಕಿಮೂಟೆ ಹೊರಬೇಕು. ರೋಮನ್ ಕೋಣೆಗೆ ಅವನನ್ನು ಹಾಕಿದ್ದೇ ಅಂದು ಮೊದಲು. ಅಂದೇ ಪಕ್ಕದ ಮನೆಯ ದತ್ತಾತ್ರೇಯ, ಊರಿಂದ ಬಂದಿದ್ದ ತನ್ನ ತಾಯಿ ಗೌರಾಬಾಯಿಯವರನ್ನು ಮ್ಯೂಸಿಯಂಗೇ ತಂದು ಬಿಟ್ಟು ಹೋಗಿದ್ದ.

"ನಿಮ್ಗೇನ್ ಸೋಮಣ್ಣ, ಹೆಂಗಿದ್ರೂ ಸುಮ್ನೆ ನಿಂತಿರೋ ಜಾಬು. ಅಮ್ಮನ್ನ ಸ್ವಲ್ಪ ನೋಡ್ಕೊಳಿ."

ಗೌರಾಬಾಯಿ ಬಂದ ವಾರದಲ್ಲೇ ಮಗನ ಕಾರು, ಡಿಶ್‌ವಾಷರ್, ಕೊನೆಗೆ ರಸ್ತೆಯಂಚಿನ ಮೇಲ್‌ಬಾಕ್ಸಿಗೂ ಕುಂಕುಮ ಹಚ್ಚಿದ್ದ ಮಹಾತಾಯಿ.

"ಆಯೀ, ಖರೇ ಹೇಳ್ರಿ. ಈಕಿ ಬೈತಲಿಗೆ ಕುಂಕುಮ ನೀವ ಹಚ್ಚೀರೇನು?"

"ನಾ ಯಾಕ ಹಚ್ಚಲೋ? ಈಕಿ ಯಾರೋ, ಯಾವ ಮನಿತನದಾಕಿನೋ!" ಗೌರಾಬಾಯಿ ಮುಖ ತಿರುಗಿಸಿದರು.

ಸೋಮಲಿಂಗಪ್ಪ ಹೊರಗೋಡಿ ದತ್ತಾತ್ರೇಯನಿಗೆ ಫೋನು ಹಚ್ಚಿದ.

"ಇದಕ್ಕೆಲ್ಲಾ ಪ್ಯಾನಿಕ್ ಆಗ್ತಾರಾ? ಒದ್ದೆ ಮಾಡ್ಕೊಂಡು ಒರೆಸಿಬಿಡಿ. ಯಾರಿಗೂ ರಿಪೋರ್ಟ್ ಮಾಡ್ಬೇಡಿ. ಇಡ್ತೀನಿ, ಮೀಟಿಂಗಲ್ಲಿ ನನ್ನ ಟರ್ನ್ ಬಂತು."

ನಲ್ಲಿಯಲ್ಲಿ ಕರವಸ್ತ್ರ ನೆನೆಸಿಕೊಂಡು ಬಂದ ಸೋಮಲಿಂಗಪ್ಪ ದೇವಿಯ ತಲೆಗೆ ಕೈ ಎತ್ತಿದ್ದ, ಅಷ್ಟೇ. "ನಿಲ್ಲು!" ಶಿಲ್ಪಗಳ ಆರೈಕೆ ನೋಡಿಕೊಳ್ಳುವ ಕ್ಯಾರಲ್, ಮಗು ಒಲೆಯತ್ತ ಅಂಬೆಗಾಲಿಟ್ಟದ್ದನ್ನು ಕಂಡವಳಂತೆ ಓಡಿ ಬಂದಳು. ಅವಳ ಹಿಂದೆ ಸೂಪರ್‌ವೈಸರ್.

ಸೋಮಲಿಂಗಪ್ಪ ಬಂದಷ್ಟು ಇಂಗ್ಲಿಷಿನಲ್ಲಿ ಎಲ್ಲವನ್ನೂ ಕಕ್ಕಿದ. ಕೆಂಪು ಪುಡಿ, ಅಜ್ಜಿ, ಕ್ಷಮಿಸಿ. ಕ್ಯಾರಲ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅದು ಪುಡಿಯಲ್ಲ, ಎರಡು ಸಾವಿರ ವರ್ಷದ ಬಣ್ಣ! ಈ ಮೂರ್ತಿಗಳು ಆ ಕಾಲದಲ್ಲಿ ಒಗೆದ ಪಂಚೆಯಂತೆ ಬೆಳ್ಳಗಿರಲಿಲ್ಲ. ತುಟಿ, ಕೂದಲು, ಸೆರಗಿನಂಚು, ಎಲ್ಲಕ್ಕೂ ಬಣ್ಣವಿತ್ತು. ಮಣ್ಣಲ್ಲಿ ಹೂತು, ಉಜ್ಜಿಸಿಕೊಂಡು, ಕೂದಲ ಸಂದಿಯಲ್ಲಿ ಉಳಿದದ್ದು ಇಷ್ಟೇ.

"ಒರೆಸಲಿಲ್ಲವಲ್ಲ, ಪುಣ್ಯಾತ್ಮ!" ಎಂದಳು. ಸೂಪರ್‌ವೈಸರ್ ಅವನ ಬೆನ್ನು ತಟ್ಟಿ, ಜೇಬಿನಿಂದ ಕಾಗದ ತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದ.

"ತಪ್ಪಾತ್ರಿ ಆಯಿ, ಸುಳ್ಳ ನಿಮ್ಮ ಮ್ಯಾಲ ಹಾಕಿದೆ," ಎಂದ ಸೋಮಲಿಂಗಪ್ಪ. ಆಯಿ ದೇವಿಯ ಮುಖವನ್ನೇ ನೋಡುತ್ತಿದ್ದರು.

ಅಷ್ಟರಲ್ಲಿ ಟಾರ್ಚು ಹಿಡಿದು ಮೂರ್ತಿಯ ಆಚೆ ಬದಿಗೆ ಹೋಗಿದ್ದ ಕ್ಯಾರಲ್ ದನಿ ಕೇಳಿಸಿತು: "ಕೆಂಪು ನಮ್ಮದು. ಈ ಕೆನ್ನೆಯ ಮೇಲಿನ ಹಳದಿ ಯಾರದು?"

ಪೆನ್ನು ಗಾಳಿಯಲ್ಲೇ ನಿಂತಿತು.

ಕ್ಯಾರಲ್ ಬೆರಳು ತೋರಿದ ಕಡೆ ನೋಡಿ ಗೌರಾಬಾಯಿಯವರ ಮುಖ ಅರಳಿತು. "ಅದು ನಂದು! ನೀ ಫೋನಿಗೆ ಹೋದ ಮ್ಯಾಲ ಛಂದಂಗ ನೋಡ್ದೆ. ಕುಂಕುಮ ಅದ, ಅರಿಷಿಣನ ಇಲ್ಲ! ಮುತ್ತೈದಿ ಮಾರಿ ಹಂಗ ಬಿಡಬಾರ್ದಂತ ಒಂದ ಬಟ್ಟು ಹಚ್ಚೇನಿ. ಹೇಳಪಾ ತಮ್ಮಾ, ಇಂಗ್ಲೀಷಿನ್ಯಾಗ ಹೇಳು ಅವರಿಗೆ!"

"ಏನಂತೆ?" ಎಂದು ಸೂಪರ್‌ವೈಸರ್ ಕೇಳಿದ.

ಆ ಕೋಣೆಯಲ್ಲಿ ಎರಡೂ ಭಾಷೆ ಬಲ್ಲವನು ಸೋಮಲಿಂಗಪ್ಪ ಒಬ್ಬನೇ.