ನಮ್ಮ ಮಾವನವರು ಬಾರು ಬಿಟ್ಟದ್ದು

ಗಂಡಸರು ಬಾರಿಗೆ ಹೋದರೆ ಬೇರೆ ಮನೆಗಳಲ್ಲಿ ಜಗಳ ಆಗುತ್ತದೆ. ನಮ್ಮಲ್ಲಿ ಹೋಗದಿದ್ದರೆ ಆಗುತ್ತಿತ್ತು. ಇಂಥ ಮನೆಗೆ ಸೊಸೆಯಾಗಿ ಬಂದವಳು ನಗಲಿಕ್ಕೆಂದು ಹೊರಗೆ ಹೋಗಬೇಕಾಗಿಲ್ಲ.

ಮಾವನವರು ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ಹುಬ್ಬಳ್ಳಿಯಿಂದ ನಾಗಪುರಕ್ಕೆ ವರ್ಗವಾಗಿ ಬಂದ ಹೊಸದರಲ್ಲಿ ರೈಲ್ವೆ ಇನ್‌ಸ್ಟಿಟ್ಯೂಟಿನಲ್ಲಿ ಸ್ಯಾಕ್ಸೋಫೋನ್ ಕಲಿತರು. ಆಮೇಲೆ ಪಿಯಾನೋದವರೊಬ್ಬರು, ಡ್ರಮ್ಮಿನವರೊಬ್ಬರು ಜೊತೆಯಾಗಿ, ಮೂವರೂ ಒಂದು ದೊಡ್ಡ ಹೋಟೆಲಿನ ಬಾರಿನಲ್ಲಿ ಪ್ರತಿ ಶನಿವಾರ ಜಾಝ್ ನುಡಿಸಲು ಶುರುಮಾಡಿದರು. ಇಪ್ಪತ್ತು ವರ್ಷ ದಾಟಿತು. ಹೋದ ಬೇಸಿಗೆಯಲ್ಲಿ ಹೋಟೆಲಿನವರು ಇನ್ನು ಸಾಕು, ಆ ಜಾಗದಲ್ಲಿ ದೊಡ್ಡ ಟಿವಿ ಹಾಕುತ್ತೇವೆ ಎಂದರು. ಮಾವನವರು ಸಿಟ್ಟಾಗಲಿಲ್ಲ. ಊಟಕ್ಕೆ ಕೂತಾಗ ಮಾತ್ರ ಒಂದೇ ಮಾತು ಕೇಳುತ್ತಿದ್ದರು: "ಇಷ್ಟ್ ವರ್ಷ ಊದಿದ್ದನ್ನ ಒಬ್ಬರರೆ ಕೇಳಿದ್ರೋ ಇಲ್ಲೋ?"

ಅತ್ತೆಯವರು ಅವರ ತಟ್ಟೆಗೆ ಇನ್ನೊಂದು ಚಪಾತಿ ಹಾಕುತ್ತಿದ್ದರು.

ಅತ್ತೆಯವರ ಲೆಕ್ಕ

ಅತ್ತೆಯವರು ಆ ಬಾರಿಗೆ ಒಮ್ಮೆ ಮಾತ್ರ ಹೋಗಿದ್ದರು. ಮೂಗಿಗೆ ಸೆರಗು ಹಿಡಿದು ಕೂತಿದ್ದರಂತೆ. ಜಾಝಿನಲ್ಲಿ ಒಂದು ಪದ್ಧತಿ ಇದೆ. ಎಲ್ಲರೂ ಕೂಡಿ ಶುರುಮಾಡುತ್ತಾರೆ, ನಡುವೆ ಒಬ್ಬೊಬ್ಬರೇ ತಮ್ಮ ಮನಸ್ಸಿಗೆ ಬಂದಂತೆ ನುಡಿಸುತ್ತಾರೆ, ಆಗ ಉಳಿದವರು ಒಮ್ಮೊಮ್ಮೆ ಪೂರ್ತಿ ಸುಮ್ಮನಿರುತ್ತಾರೆ. ಮಾವನವರ ಪಾಳಿ ಬಂದಾಗ ಇವರು ಕಣ್ಣುಮುಚ್ಚಿ ಊದಿದರು, ಅವರಿಬ್ಬರು ಕೈಕಟ್ಟಿ ಕೂತರು. ಅತ್ತೆಯವರು ನೋಡಿದ್ದು ಅಷ್ಟನ್ನೇ.

ಮನೆಗೆ ಬಂದು ಹೇಳಿದರು: "ಇವರೊಬ್ಬರ ಊದಿ ಊದಿ ಸಾಯ್ತಾರ, ಅವರಿಬ್ಬರು ಆರಾಮ ಕುಂತಿರ್ತಾರ. ರೈಲ್ವೆದಾಗೂ ಇವರದು ಹಿಂಗ ಆತು."

ಮಾವನವರು ಪದ್ಧತಿಯನ್ನು ವಿವರಿಸಿ ಹೇಳಿದರು. ಅತ್ತೆಯವರು ಎಲ್ಲ ಕೇಳಿಕೊಂಡರು. ಮುಂದಿನ ಶನಿವಾರದಿಂದ ಮೂವರಿಗೆಂದು ಕಟ್ಟಿಕೊಡುತ್ತಿದ್ದ ಅವಲಕ್ಕಿ ಚೂಡಾ ಒಬ್ಬರಿಗೆ ಸಾಲುವಷ್ಟಾಯಿತು.

ಸಂಘದಲ್ಲಿ ಸನ್ಮಾನ

ಒಂದು ರಾಜ್ಯೋತ್ಸವಕ್ಕೆ ಇಲ್ಲಿಯ ಕನ್ನಡಿಗರ ಸಂಘದವರು ಮೂವರನ್ನೂ ಕರೆದರು. ಬಾರಿನಲ್ಲಿ ಯಾರೂ ಕೇಳುವುದಿಲ್ಲ, ನಮ್ಮ ಜನ ಕೇಳುತ್ತಾರೆ ಎಂದು ಮಾವನವರು ಹೊಸ ಶರ್ಟು ಹೊಲಿಸಿದರು. ಕಾಲು ಗಂಟೆ ಮೈಮರೆತು ನುಡಿಸಿದರು. ಸಭೆ ಸದ್ದಿಲ್ಲದೆ ಕೂತಿತ್ತು. ಮೈಸೂರು ಕಡೆಯ ಅಧ್ಯಕ್ಷರು ಮೆಲ್ಲಗೆ ವೇದಿಕೆ ಹತ್ತಿ ಬಂದು, "ಶ್ರುತಿ ಸೇರ್ಸೋದು ಆಯ್ತಾ ಸಾರ್? ಆಗಿದ್ರೆ ಕಾರ್ಯಕ್ರಮ ಶುರು ಮಾಡ್ಬೋದು" ಅಂದರು.

"ಆತ್ರಿ" ಎಂದು ಮಾವನವರು ಕೆಳಗಿಳಿದರು.

ವಂದನಾರ್ಪಣೆಯಲ್ಲಿ, ಸಮಯದ ಅಭಾವದಿಂದ ನುಡಿಸಲು ಆಗದಿದ್ದರೂ ದೊಡ್ಡ ಮನಸ್ಸು ಮಾಡಿ ಬಂದಿದ್ದಕ್ಕೆ ಅವರಿಗೆ ಶಾಲು ಹೊದಿಸಿದರು.

ಎಸಿಯ ಮಾತು

ಬಾರು ಬಿಡಿಸುತ್ತಾರೆ ಎಂದು ತಿಳಿದ ಮೇಲೆ ನಾನೇ ಮಗಳನ್ನು ಎತ್ತಿಕೊಂಡು ಹೋಟೆಲಿನ ಮ್ಯಾನೇಜರನ ಹತ್ತಿರ ಹೋದೆ. ನನ್ನ ಹಿಂದಿ ಗಟ್ಟಿ, ಬಾಯಿ ಅದಕ್ಕಿಂತ ಗಟ್ಟಿ.

"ಅವರು ನುಡಿಸೋದನ್ನು ಯಾರೂ ಕೇಳೋದಿಲ್ಲ ಮೇಡಂ" ಅಂದ.

"ನಿಮ್ಮ ಎಸಿ ಶಬ್ದಾನೂ ಯಾರೂ ಕೇಳೋದಿಲ್ಲ. ಒಂದು ದಿನ ಬಂದ್ ಮಾಡಿ ನೋಡಿ" ಅಂದೆ.

ಅವನು ಮೇಲೆ ಎಸಿ ಕಡೆ ನೋಡಿದ. ಗೆದ್ದೆ ಎಂದುಕೊಂಡೆ.

"ಎಸಿ ನಡುನಡುವೆ ಚಹಾ ಕೇಳೋದಿಲ್ಲ ಮೇಡಂ" ಅಂದ.

ನಾಗಪುರದಲ್ಲಿ ನನ್ನ ಬಾಯಿ ಮುಚ್ಚಿಸಿದವನು ಅವನೊಬ್ಬನೇ.

ಕೇಳಿದವರು

ಕೊನೆಯ ಶನಿವಾರವೂ ಎಂದಿನಂತೆಯೇ ಆಯಿತಂತೆ. ಯಾರೂ ತಲೆ ಎತ್ತಲಿಲ್ಲ. ಮಾವನವರು ಸ್ಯಾಕ್ಸೋಫೋನ್ ಡಬ್ಬಿಗೆ ಹಾಕುವಾಗ ಗಿರಾಕಿಯೊಬ್ಬ ಬಂದು ಕೈ ಹಿಡಿದುಕೊಂಡ. ಗಾಂಧಿಬಾಗ್ ಪೇಟೆಯ ಬಟ್ಟೆ ವ್ಯಾಪಾರಿ. ಪ್ರತಿ ಶನಿವಾರ ಎದುರಿನ ಟೇಬಲ್ಲಿನಲ್ಲಿ ಕೂರುವವನು. ಕಣ್ಣಲ್ಲಿ ನೀರು. "ಅಂಕಲ್, ನೀವು ನಿಲ್ಲಿಸಿದರೆ ನನ್ನ ಗತಿ ಏನು?" ಅಂದನಂತೆ. ಮಾವನವರು ಮನೆಗೆ ಬಂದವರೇ, "ಒಬ್ಬ ಸಿಕ್ಕ ನೋಡವಾ" ಅಂದರು. ಎರಡು ಚಪಾತಿ ಹೆಚ್ಚು ತಿಂದರು.

ಮರುದಿನ ಆ ವ್ಯಾಪಾರಿ ಹೊಸ ಸ್ಯಾಕ್ಸೋಫೋನ್ ಹಿಡಿದು ನಮ್ಮ ಮನೆಗೇ ಬಂದ. ಸೋಫಾದ ತುದಿಯಲ್ಲಿ ಕೂತು ನಿಜ ಹೇಳಿದ. ಶನಿವಾರ ಕುಡಿಯಲು ಬರುವವನು ಹೆಂಡತಿಗೆ ಸ್ಯಾಕ್ಸೋಫೋನ್ ಕ್ಲಾಸಿಗೆ ಹೋಗುತ್ತೇನೆ ಎಂದು ಹೇಳಿಬಿಟ್ಟಿದ್ದಾನೆ. ಅವಳು ಫೋನ್ ಮಾಡಿದರೆ, "ಫೋನ್ ಪಕ್ಕಕ್ಕಿಟ್ಟು ನುಡಿಸ್ತೀನಿ, ಕೇಳು" ಎಂದು ಅದನ್ನು ಮಾವನವರ ಕಡೆ ತಿರುಗಿಸಿ ಇಡುತ್ತಿದ್ದ. ಈಗ ಅವಳು ತನ್ನ ತಮ್ಮನ ಮದುವೆಯಲ್ಲಿ ನುಡಿಸಲೇಬೇಕು ಎನ್ನುತ್ತಿದ್ದಾಳೆ.

"ನೀವು ಕೇಳಲಿಲ್ಲ ಹಂಗಾದ್ರ" ಎಂದು ಮಾವನವರು ಹಿಂದಿ ಮರೆತು ಕನ್ನಡದಲ್ಲೇ ಅಂದರು. ಹೊರಗೆ ಹಾಕುತ್ತಾರೆ ಎಂದುಕೊಂಡೆ. ಅವರು ಹಿಂದಿಯಲ್ಲಿ ಒಂದೇ ಪ್ರಶ್ನೆ ಕೇಳಿದರು: "ನಿಮ್ಮ ಹೆಂಡತಿ ಪೂರಾ ಕೇಳ್ತಿದ್ರಾ?"

"ಪೂರಾ, ಅಂಕಲ್. ಮುಗಿಯೋವರೆಗೂ ಫೋನ್ ಇಡ್ತಿರಲಿಲ್ಲ. ಅತ್ತೂ ಇದ್ದಾಳೆ."

"ನಾಳೆಯಿಂದ ಬನ್ನಿ" ಅಂದರು ಮಾವನವರು.

ಹೋಟೆಲಿನ ಕ್ಲಾಸು ಮುಚ್ಚಿತು, ಹೊಸ ಮಾಸ್ತರರು ಸಿಕ್ಕಿದ್ದಾರೆ ಎಂದು ಅವನು ಹೆಂಡತಿಗೆ ಹೇಳಿಕೊಂಡ. ಎರಡು ತಿಂಗಳು ನಮ್ಮ ಹಾಲಿನಲ್ಲಿ ಕೂತು ಊದಿದ. ನನ್ನ ಮಗಳು ಪ್ರೆಶರ್ ಕುಕ್ಕರಿನ ಸೀಟಿಗೆ ಹೆದರುವುದನ್ನು ಬಿಟ್ಟಳು. ಮೊನ್ನೆ ಅವನ ಹೆಂಡತಿ ನನಗೆ ಫೋನ್ ಮಾಡಿದರು. ತುಂಬ ಮರ್ಯಾದಸ್ಥ ಹೆಂಗಸು. ಹೇಳಲೋ ಬೇಡವೋ ಎಂದು ಎಷ್ಟೋ ಹೊತ್ತು ಮಗುವಿನ ಆರೋಗ್ಯವನ್ನೇ ಕೇಳಿದರು. ಕೊನೆಗೆ ಹೇಳಿದರು:

"ಬೇಜಾರು ಮಾಡ್ಕೋಬೇಡಿ. ಹೋಟೆಲಿನಲ್ಲಿ ಕಲಿಯುವಾಗ ನಮ್ಮವರು ಕಣ್ಣಲ್ಲಿ ನೀರು ಬರೋ ಹಾಗೆ ನುಡಿಸ್ತಿದ್ದರು. ನಿಮ್ಮ ಮಾವನವರ ಹತ್ತಿರ ಬಂದ ಮೇಲೆ ಪೂರಾ ಕೆಟ್ಟುಹೋದರು. ಆ ಹಳೇ ಮಾಸ್ತರರ ನಂಬರ್ ಎಲ್ಲಾದರೂ ಸಿಗುತ್ತಾ?"