ನಮ್ಮವರ ಡ್ರಿಪ್ಪರ್ ಆಯ್ಕೆ ಇನ್ನೂ ಮುಗಿದಿಲ್ಲ

'ಹೊಸಬರಿಗೆ ಸುಲಭ, ಜೇಬಿಗೆ ಹಗುರ: ಡ್ರಿಪ್ಪಿಂಗ್ ಸೆಟಪ್ಪು ಆರಿಸುವುದು ಹೇಗೆ' ಎಂಬ ಜಾಲಪುಟದ ಸಂಪಾದಕ ಮಂಡಳಿಯವರ ಸನ್ನಿಧಾನಕ್ಕೆ,

ಮಾನ್ಯರೇ,

ನೆವಾರ್ಕಿನ ಅಪಾರ್ಟ್‌ಮೆಂಟೊಂದರ ಎರಡನೆಯ ಮಹಡಿಯಿಂದ ಆಶಾಲತಾ ಮಾಡುವ ನಮಸ್ಕಾರಗಳು. ತಾವು, ತಮ್ಮ ಕುಟುಂಬದವರು, ತಮ್ಮ ಬ್ಯಾಟರಿಗಳು ಎಲ್ಲವೂ ಕ್ಷೇಮವೆಂದು ನಂಬಿದ್ದೇನೆ. ನಾವೂ ಕ್ಷೇಮ ಎಂದು ಬರೆಯುವುದು ಪದ್ಧತಿ, ಆದರೆ ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಕಾರ್ಕಳದ ಹೈಸ್ಕೂಲಿನಲ್ಲಿ ಮಕ್ಕಳಿಗೆ ಪತ್ರಲೇಖನ ಕಲಿಸಿದವಳಾದ್ದರಿಂದ ದೂರು ಕೊಡುವಾಗಲೂ ಕುಶಲ ವಿಚಾರಿಸದೆ ನನ್ನ ಪೆನ್ನು ಮುಂದೆ ಹೋಗುವುದಿಲ್ಲ. ಕನ್ನಡದಲ್ಲಿ ಬರೆದರೆ ತಮಗೆ ತಿಳಿದೀತೇ ಎಂದು ಮಗ ಧನುಷನನ್ನು ಕೇಳಿದೆ. ಅವನು ಇಲ್ಲಿಯೇ ಹುಟ್ಟಿದವನು, ಹೇವರ್ಡಿನ ಯೂನಿವರ್ಸಿಟಿಯಲ್ಲಿ ಓದುತ್ತಾನೆ, ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾನೆ. ಅನುವಾದ ಮಾಡಿಕೊಳ್ಳಲು ಈಗ ಯಂತ್ರಗಳು ಉಂಟು, ಅಮ್ಮ ಬೈಯುವುದನ್ನು ಅಮ್ಮನ ಭಾಷೆಯಲ್ಲಿಯೇ ಬೈಯಲಿ ಎಂಬುದು ಅವನ ಅಭಿಪ್ರಾಯ. ಬೈಯುವ ಉದ್ದೇಶ ನನಗೆ ಖಂಡಿತ ಇಲ್ಲ.

ನನ್ನ ಯಜಮಾನರು ಲೀಲಾಧರ ಅಂತ, ಫ್ರೀಮಾಂಟಿನ ಕಂಪೆನಿಯೊಂದರಲ್ಲಿ ಇಂಜಿನಿಯರು, ಕಾಲೇಜಿನ ದಿನಗಳಿಂದ ಸಿಗರೇಟು ಸೇದಿಕೊಂಡು ಬಂದವರು. ಕಳೆದ ಚಳಿಗಾಲದಲ್ಲಿ ಕೆಮ್ಮು ಬಿಡದೆ ಸ್ಕ್ಯಾನ್ ಮಾಡಿಸಿದಾಗ ಇವರ ಬಲಗಡೆಯ ಶ್ವಾಸಕೋಶದಲ್ಲಿ ಒಂದು ಸಣ್ಣ ಚುಕ್ಕೆ ಕಾಣಿಸಿತು. ಅದು ಏನೂ ಅಲ್ಲದಿರಬಹುದು, ಏನಾದರೂ ಆಗಿರಲೂಬಹುದು, ನವೆಂಬರಿನಲ್ಲಿ ಇನ್ನೊಮ್ಮೆ ನೋಡೋಣ, ಸಿಗರೇಟನ್ನು ಮಾತ್ರ ಇವತ್ತಿನಿಂದಲೇ ಬಿಡಬೇಕು ಎಂದು ಡಾಕ್ಟರಮ್ಮ ಹೇಳಿದರು. ಇವರು ವಿನಯದಿಂದ ತಲೆಯಾಡಿಸಿದರು. ಕಾರಿನಲ್ಲಿ ಕೂತ ಮೇಲೆ, ಒಮ್ಮೆಲೇ ಬಿಡುವುದು ವೈಜ್ಞಾನಿಕವಲ್ಲ, ಮೊದಲು ಸಿಗರೇಟಿನಿಂದ ವೇಪಿಗೆ, ಅಂದರೆ ನಿಕೋಟಿನ್ ದ್ರವವನ್ನು ಬ್ಯಾಟರಿಯಲ್ಲಿ ಕಾಯಿಸಿ ಆವಿ ಎಳೆಯುವ ಯಂತ್ರಕ್ಕೆ ಇಳಿಯಬೇಕು, ಆಮೇಲೆ ವೇಪನ್ನೂ ಬಿಡಬೇಕು, ಇನ್ನು ಒಳ್ಳೆಯ ಸೆಟಪ್ಪೊಂದನ್ನು ಆರಿಸುವುದಷ್ಟೇ ಬಾಕಿ ಎಂದರು. ಆ 'ಅಷ್ಟೇ' ಎಂಬಲ್ಲಿಂದ ತಮಗೂ ನಮಗೂ ಸಂಬಂಧ ಬೆಳೆಯಿತು.

ತಮ್ಮ ಪುಟವನ್ನು ಹೊಗಳಲು ನನ್ನಲ್ಲಿ ಮಾತಿಲ್ಲ. ಟ್ಯಾಂಕಿನಲ್ಲಿ ದ್ರವ ತುಂಬಿಸಿಕೊಂಡು ಎಳೆಯುವುದು ಸಾಮಾನ್ಯರ ಕೆಲಸ, ತಂತಿಯ ಸುರುಳಿಯೊಳಗೆ ಹತ್ತಿ ತೂರಿಸಿ, ಅದರ ಮೇಲೆ ನಾಲ್ಕು ಹನಿ ಬಿಟ್ಟು, ಎರಡು ಸಲ ಎಳೆದು, ಪುನಃ ಹನಿ ಬಿಡುವ ಡ್ರಿಪ್ಪಿಂಗ್ ಎಂಬುದು ರಸಿಕರ ಕೆಲಸ ಎಂದು ತಾವು ಎಷ್ಟು ಚೆನ್ನಾಗಿ ವಿವರಿಸಿದ್ದೀರಿ. ಹೊಸಬರಿಗೆ ಸುಲಭವೆಂದು ಶುರುಮಾಡಿ, ತಂತಿಯ ದಪ್ಪ, ಸುರುಳಿಯ ಸುತ್ತು, ಗಾಳಿ ಬರುವ ತೂತು, ಬ್ಯಾಟರಿಯ ತಾಳಿಕೆ ಇವೆಲ್ಲವನ್ನೂ ಹೊಸಬನು ಮೊದಲೇ ತಿಳಿದಿರಬೇಕು ಎಂದು ಮುಗಿಸಿದ್ದೀರಿ. ಇಷ್ಟನ್ನು ತಿಳಿದುಕೊಂಡ ಮೇಲೂ ಒಬ್ಬ ಮನುಷ್ಯ ಹೊಸಬನಾಗಿಯೇ ಉಳಿಯುವುದು ಹೇಗೆ ಎಂದು ಮಾತ್ರ ಬರೆದಿಲ್ಲ.

ನಮ್ಮವರ ಗುಣ ತಮಗೆ ಗೊತ್ತಿರಲಾರದು, ಆದ್ದರಿಂದ ತಪ್ಪು ಪೂರಾ ತಮ್ಮದು ಎನ್ನುವಂತಿಲ್ಲ. ಇವರು ಯಾವುದನ್ನೂ ಹೋಲಿಸಿ ನೋಡದೆ ಕೊಂಡವರಲ್ಲ. ಗ್ರೈಂಡರ್ ಆರಿಸುವಾಗ ನಾನು ದೋಸೆಯ ಅಕ್ಕಿಯನ್ನು ಹೊತ್ತುಕೊಂಡು ಕೆಳಗಿನ ಮನೆಯ ಸಂಯುಕ್ತಾಳಲ್ಲಿ ರುಬ್ಬಿಕೊಂಡು ಬರುತ್ತಿದ್ದೆ, ಅವಳು ಮನೆ ಬದಲಾಯಿಸಿ ಹೋದಳೇ ಹೊರತು ನಮ್ಮ ಗ್ರೈಂಡರ್ ಬರಲಿಲ್ಲ. ಧನುಷನಿಗೆ ಒಳ್ಳೆಯ ಡೇಕೇರ್ ಯಾವುದು ಎಂದು ತೀರ್ಮಾನವಾಗುವ ಹೊತ್ತಿಗೆ ಅವನು ನೇರವಾಗಿ ಕಿಂಡರ್‌ಗಾರ್ಟನಿಗೆ ಹೋದ. ಇಂಥವರ ಕೈಗೆ ತಾವು ತಮ್ಮ ಹೋಲಿಕೆಯ ಪಟ್ಟಿ ಕೊಟ್ಟಿರಿ.

ಮಾರ್ಚಿನಲ್ಲಿ ಒಂದು ಸೆಟಪ್ಪು ಹೆಚ್ಚುಕಡಿಮೆ ನಿಶ್ಚಯವಾಗಿತ್ತು. ಕೊಳ್ಳಲು ಹೊರಟ ದಿನವೇ ತಾವು ಪುಟವನ್ನು ಪರಿಷ್ಕರಿಸಿ, ಅದಕ್ಕಿಂತ ಇನ್ನೊಂದು ಹೊಸಬರಿಗೆ ಇನ್ನೂ ಸುಲಭ ಎಂದಿರಿ. ಮೇ ತಿಂಗಳಿನಲ್ಲಿ ಆ ಇನ್ನೊಂದರಲ್ಲಿ ದ್ರವ ಸೋರುತ್ತದೆ ಎಂದಿರಿ. ಜುಲೈಯಲ್ಲಿ ಹಳೆಯದೇ ವಾಸಿ ಎಂದಿರಿ, ಅಷ್ಟರಲ್ಲಿ ಹಳೆಯದು ಬರುವುದೇ ನಿಂತುಹೋಗಿತ್ತು. ಕೈಯಲ್ಲಿ ಹಿಡಿದು ನೋಡದೆ ಹೇಗೆ ಹೇಳುವುದು ಎಂದು ಇವರು ಪ್ರತಿ ಶನಿವಾರ ಬೆರ್ರಿಯೆಸಾ ಸ್ಟೇಷನ್ನಿನ ಆಚೆ ಎಲ್ಲೋ ಇರುವ ಅಂಗಡಿಗೆ ಹೋಗಿಬರಲು ತೊಡಗಿದರು. ಯಂತ್ರ ಬರಲಿಲ್ಲ, ಅದರ ಪರಿವಾರವೆಲ್ಲ ಬಂತು. ಚಿಕ್ಕ ಚಿಕ್ಕ ಸ್ಕ್ರೂಡ್ರೈವರ್, ಚಿಮಟ, ತಂತಿಯ ಉರುಳೆ, ಕೊನೆಗೆ ಒಂದು ಬಾಟ್ಲಿ ದ್ರವ. ಈ ರಾಜ್ಯದಲ್ಲಿ ಹಣ್ಣಿನದು, ಪುದೀನದ್ದು ಮಾರುವಂತಿಲ್ಲವಂತೆ, ಹೊಗೆಸೊಪ್ಪಿನ ರುಚಿಯದ್ದಕ್ಕೆ ಅಡ್ಡಿಯಿಲ್ಲವಂತೆ. ಹೊಗೆಸೊಪ್ಪು ಬಿಡಲು ಹೊರಟವರಿಗೆಂದೇ ಹೊಗೆಸೊಪ್ಪಿನ ರುಚಿಯನ್ನು ಉಳಿಸಿಟ್ಟ ಸರಕಾರಕ್ಕೂ ಈ ಮೂಲಕ ಒಂದು ನಮಸ್ಕಾರ.

ಇಷ್ಟು ಕಾಲ ಸಿಗರೇಟು ಎಂತಾಯಿತು ಎಂದು ತಾವು ಕೇಳಬಹುದು. ಅದು ಸುಖವಾಗಿ ನಡೆದುಕೊಂಡು ಬಂದಿದೆ ಮಾರಾಯರೇ. ಸರಿಯಾದ ಸೆಟಪ್ಪು ಸಿಕ್ಕಿದ ಮೇಲೆ ಬಿಡುವುದು ಎಂದು ಮಾತಾಗಿದೆಯಲ್ಲ, ಸಿಗುವ ತನಕ ಬಿಟ್ಟರೆ ಮಾತಿಗೆ ತಪ್ಪಿದಂತೆ. ಒಂದು ಕೈಯಲ್ಲಿ ಫೋನು, ಫೋನಿನಲ್ಲಿ ತಮ್ಮ ಪುಟ, ಇನ್ನೊಂದು ಕೈಯಲ್ಲಿ ಸಿಗರೇಟು, ಹೀಗೆ ಪಾರ್ಕಿಂಗಿನ ಮೂಲೆಯಲ್ಲಿ ಇವರು ಸಿಗರೇಟು ಬಿಡುವ ಅಧ್ಯಯನ ಮಾಡುತ್ತಾರೆ. ಅಧ್ಯಯನಕ್ಕೆ ತಲೆ ಓಡಬೇಕು, ತಲೆ ಓಡಲು ಇನ್ನೊಂದು ಸಿಗರೇಟು ಬೇಕು. ಮೊದಲಿಗಿಂತ ಈಗ ಜಾಸ್ತಿಯೇ ಆಗಿದೆ. ಸಿಗರೇಟು ಕಂಪೆನಿಯವರು ತಮಗೆ ಒಂದು ಶಾಲು ಹೊದಿಸಿ ಹಾರ ಹಾಕದಿದ್ದರೆ ಅದು ಅವರ ಕೃತಘ್ನತೆ ಎಂದೇ ನಾನು ಹೇಳುವುದು.

ಆದ್ದರಿಂದ ನನ್ನ ಸಣ್ಣ ಕೋರಿಕೆಗಳು. ಪ್ರಪಂಚದಲ್ಲಿ ಡ್ರಿಪ್ಪರ್ ತಯಾರಿಸುವ ಕಾರ್ಖಾನೆಗಳಿಗೆಲ್ಲ ಒಂದು ವಾರ ರಜೆ ಕೊಡಿಸಿ, ಹೊಸ ಮಾದರಿ ಬಾರದಿದ್ದರೆ ಇವರ ಮನಸ್ಸು ಒಂದರ ಮೇಲೆ ನಿಂತೀತು. ಅದು ಕಷ್ಟವಾದರೆ ಪುಟದ ತಲೆಯಲ್ಲಿ ದಪ್ಪ ಅಕ್ಷರದಲ್ಲಿ 'ಲೀಲಾಧರರೇ, ಇದೇ, ಇನ್ನು ಕೆಳಗೆ ಓದಬೇಡಿ' ಎಂದು ಒಂದು ಸಾಲು ಹಾಕಿಸಿ. ಅದೂ ಆಗದಿದ್ದರೆ ಮಂಡಳಿಯ ಸದಸ್ಯರೊಬ್ಬರು ನಮ್ಮಲ್ಲಿ ಬಂದು ಇರಲಿ. ಊಟಕ್ಕೆ ಕುಚ್ಚಲಕ್ಕಿ ಅನ್ನ ಆಗುತ್ತದಾದರೆ ನನ್ನಿಂದ ಏನೂ ತೊಂದರೆಯಿಲ್ಲ. ಇವರು ರಾತ್ರಿ ಕೆಮ್ಮುವಾಗ ಅವರು ಎದ್ದು ಕೂತು ಕೇಳಿಸಿಕೊಳ್ಳಬೇಕು, ಅಷ್ಟೇ ಕೆಲಸ.

ಇಷ್ಟು ದಿನ ಸುಮ್ಮನಿದ್ದವಳು ಇವತ್ತು ಬರೆಯಲು ಕಾರಣ, ತಮ್ಮ ಪುಟದಲ್ಲಿ ಹತ್ತಿಯ ಬಗ್ಗೆ ಇರುವ ಅಧ್ಯಾಯ. ಹತ್ತಿ ಶುದ್ಧವಾಗಿರಬೇಕು, ಬಣ್ಣ, ಎಣ್ಣೆ ತಾಗಿರಬಾರದು, ಹನಿಯನ್ನು ಬೇಗ ಹೀರಬೇಕು ಎಂದು ಬರೆದಿದ್ದೀರಿ. ಅಷ್ಟು ಶುದ್ಧವಾದ ಹತ್ತಿ ನಮ್ಮ ಮನೆಯಲ್ಲಿ ಇರುವುದು ಒಂದೇ ಕಡೆ, ದೇವರ ಮುಂದಿನ ಡಬ್ಬಿಯಲ್ಲಿ. ಊರಿನಿಂದ ತಂದ ಹತ್ತಿಯಲ್ಲಿ ನಾನು ಕೂತು ಹೊಸೆದಿಟ್ಟ ಬತ್ತಿಗಳು. ಇವರು ಅವುಗಳ ಮೇಲೆ ಆ ಬಾಟ್ಲಿಯ ದ್ರವವನ್ನು ಹನಿಹನಿಯಾಗಿ ಬಿಟ್ಟು ಯಾವುದು ಎಷ್ಟು ಬೇಗ ಹೀರುತ್ತದೆಂದು ಪರೀಕ್ಷೆ ಮಾಡಿ, ಒರೆಸಿ, ಒಳ್ಳೆಯವರ ಹಾಗೆ ಡಬ್ಬಿಗೇ ಹಾಕಿಟ್ಟಿದ್ದಾರೆ. ನನಗೆ ಎಲ್ಲಿ ಗೊತ್ತು? ಮೊನ್ನೆ ಸಂಜೆ ಎಣ್ಣೆ ಹಾಕಿ ದೀಪ ಹಚ್ಚಿದೆ. ಹತ್ತಲಿಲ್ಲ. ಪುನಃ ಹಚ್ಚಿದೆ, ಚಟಪಟ ಎಂದು ಒಂದು ಕೆಟ್ಟ ವಾಸನೆ ಬಿಟ್ಟು ನಂದಿಹೋಯಿತು. ಈ ಮನೆಯಲ್ಲಿ ತಮ್ಮ ಶಿಫಾರಸಿನಂತೆ ಮೊದಲು ಡ್ರಿಪ್ಪಿಂಗ್ ಮಾಡಿದವರು ಇವರಲ್ಲ, ದೇವರು.

ಈಗ ಬರೆಯುವಾಗ ನಗು ಬರುತ್ತದೆ. ಆ ಹೊತ್ತಿಗೆ ಬರಲಿಲ್ಲ. ನಂದಿದ ದೀಪ ನೋಡಿ ನನಗೆ ನೆನಪಾದದ್ದು ಆ ಚುಕ್ಕೆ ಮಾತ್ರ. ನೆಲದಲ್ಲಿ ಕೂತು ಅತ್ತೆ, ಶಾಲೆಯ ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತೆ. ಇವರು ಓಡಿಬಂದರು, ಬತ್ತಿಯನ್ನು ಮೂಸಿದರು, ವಿಷಯ ಅರ್ಥವಾಯಿತು. ಮೊದಲು ಯಾವ ದ್ರವ, ಯಾಕೆ ಹತ್ತಲಿಲ್ಲ ಎಂದು ವಿವರಿಸಲು ನೋಡಿದರು, ಆಮೇಲೆ ಅದನ್ನು ಬಿಟ್ಟು ನನ್ನ ಪಕ್ಕದಲ್ಲಿ ಕೂತರು. ಬತ್ತಿಯನ್ನು ಕೆಳಗಿಟ್ಟು ಹೇಳಿದರು, ಇವರು ಈ ಜನ್ಮದಲ್ಲಿ ಯಾವ ಸೆಟಪ್ಪನ್ನೂ ಕೊಳ್ಳುತ್ತಿರಲಿಲ್ಲವಂತೆ. ಕೊಂಡರೆ ಸಿಗರೇಟು ಬಿಡಬೇಕು, ಬಿಟ್ಟ ಮೇಲೂ ನವೆಂಬರಿನಲ್ಲಿ ಚುಕ್ಕೆ ದೊಡ್ಡದಾಗಿದ್ದರೆ ಆಮೇಲೆ ಮಾಡಲಿಕ್ಕೆ ಏನೂ ಉಳಿಯುವುದಿಲ್ಲವಲ್ಲ ಎಂದು ಹೆದರಿಕೆಯಂತೆ. ಆರಿಸುತ್ತಾ ಇರುವಷ್ಟು ದಿನ ಇನ್ನೂ ಒಂದು ದಾರಿ ಬಾಕಿ ಇದೆ ಎನ್ನಿಸುತ್ತದಂತೆ. ಇದನ್ನು ಕೇಳಿದ ಮೇಲೆ ನನಗೆ ಇವರ ಮೇಲಿದ್ದ ಸಿಟ್ಟೆಲ್ಲ ಹೋಯಿತು, ಆ ಸಿಟ್ಟನ್ನು ಎಲ್ಲಾದರೂ ಇಡಬೇಕಲ್ಲ, ಅದಕ್ಕೇ ತಮಗೆ ಕಳಿಸುತ್ತಿದ್ದೇನೆ.

ಮರುದಿನ ಡಾಕ್ಟರಮ್ಮನಿಗೆ ಫೋನ್ ಮಾಡಿ ಕೇಳಿ, ತೋಳಿಗೆ ಅಂಟಿಸುವ ನಿಕೋಟಿನ್ ಪಟ್ಟಿಯ ಒಂದು ಪೆಟ್ಟಿಗೆ ತಂದೆ. ಅಂಗಡಿಯಲ್ಲಿ ಎದುರಿಗೆ ಕಂಡದ್ದು, ಡಾಕ್ಟರಮ್ಮ ಹೇಳಿದ ಅಳತೆಯದ್ದು, ಹೋಲಿಸಿ ನೋಡದೆಯೇ ತಂದೆ. ಹೊಸಬರಿಗೆ ಸುಲಭ ಎಂದು ಅದರ ಮೇಲೆ ಎಲ್ಲೂ ಬರೆದಿರಲಿಲ್ಲ, ಆದರೂ ಸುಲಭವಾಗಿತ್ತು. ಇವರು ಅಂಗಿಯ ತೋಳು ಮಡಚುತ್ತಾ, ಎಡಗೈಯೋ ಬಲಗೈಯೋ, ಯಾವುದು ಒಳ್ಳೆಯದೆಂದು ಸ್ವಲ್ಪ ನೋಡಿ ಹೇಳುತ್ತೇನೆ ಎಂದು ಫೋನಿಗೆ ಕೈ ಹಾಕಿದರು. ಅಷ್ಟರಲ್ಲಿ ನಾನು ಅಂಟಿಸಿ ಆಗಿತ್ತು.

ತಮ್ಮ ಪುಟದ ಮುಂದಿನ ಪರಿಷ್ಕರಣೆಯವರೆಗೆ ಮಾತ್ರ,
ತಮ್ಮ ವಿಶ್ವಾಸಿ,
ಆಶಾಲತಾ

ತಾ. ಕ.: ಪಟ್ಟಿಯನ್ನು ದಿನಾ ಬೇರೆ ಬೇರೆ ಜಾಗಕ್ಕೆ ಅಂಟಿಸಬೇಕೆಂದು ಪೆಟ್ಟಿಗೆಯ ಕಾಗದದಲ್ಲಿ ಇದೆ. ಇವರು ಅದನ್ನು ಓದಿ ಬಹಳ ಉತ್ಸಾಹದಲ್ಲಿದ್ದಾರೆ. ಆದ್ದರಿಂದ 'ಹೊಸಬರಿಗೆ ಸೂಕ್ತವಾದ ತೋಳು ಯಾವುದು' ಎಂಬ ಪುಟ ತಮ್ಮಲ್ಲಿ ತಯಾರಾಗುತ್ತಿದ್ದರೆ ದಯಮಾಡಿ ಅಲ್ಲಿಗೇ ನಿಲ್ಲಿಸಿ. ನಿನ್ನೆ ಆಸ್ಪತ್ರೆಯಿಂದ ಫೋನ್ ಬಂದಿತ್ತು, ನವೆಂಬರಿನ ಸ್ಕ್ಯಾನಿಗೆ ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತು ಖಾಲಿ ಇದೆ, ಯಾವುದು ಬೇಕು ಎಂದು ಕೇಳಿದರು. ಇವರು ನನ್ನ ಮುಖ ನೋಡಿದರು. ಎಲ್ಲಕ್ಕಿಂತ ಮೊದಲು ಯಾವುದಿದೆಯೋ ಅದು ಎಂದು ನಾನೇ ಹೇಳಿಬಿಟ್ಟೆ.